ಮೈಸೂರಲ್ಲಿ ಕಲಾಯಿ ಹಾಕುವವರು ಇನ್ನೂ ಇದ್ದಾರಾ?

ಅಟ್ಟದ ಗಂಟು (ಮೈಸೂರು)

ಎಲ್ಲರಿಗೂ ನಮಸ್ಕಾರ. ಒಂದು ಸಣ್ಣ ಸಹಾಯ ಬೇಕಿತ್ತು.

ಮನೆಗೆ ಸುಣ್ಣಬಣ್ಣ ಮಾಡಿಸೋಣ ಅಂತ ಹೋದ ವಾರ ಅಟ್ಟ ಖಾಲಿ ಮಾಡಿದೆವು. ಗೋಣಿಚೀಲದಲ್ಲಿ ಸುತ್ತಿಟ್ಟಿದ್ದ ಅಮ್ಮನ ಹಿತ್ತಾಳೆ ಪಾತ್ರೆಗಳು ಸಿಕ್ಕವು. ಎರಡು ತಪ್ಪಲೆ, ಒಂದು ಕೊಳದಪ್ಪಲೆ, ಹಿಡಿ ಅಲ್ಲಾಡುವ ಒಂದು ಸೌಟು. ಹುಣಸೆಹಣ್ಣು ಹಾಕಿ ತಿಕ್ಕಿದ ಮೇಲೆ ಹೊರಗೆಲ್ಲ ಫಳಫಳ. ಒಳಗೆ ಮಾತ್ರ ಕಲಾಯಿ ಪೂರ್ತಿ ಸವೆದು ಹೋಗಿದೆ. "ಅದರಲ್ಲಿ ಹುಳಿ ಮಾಡೀಯೆ ಜೋಕೆ, ಕಿಲುಬು ಹಿಡಿಯುತ್ತೆ" ಅಂತ ಅಮ್ಮ ಫೋನಿನಲ್ಲೇ ಬೈದರು.

ನಾನು ಚಿಕ್ಕವನಿದ್ದಾಗ ವರ್ಷಕ್ಕೆ ಎರಡು ಸಲ ಒಬ್ಬರು ಸಾಬರು ನಮ್ಮ ಬೀದಿಗೆ ಬರುತ್ತಿದ್ದರು. ಆಲದ ಮರದ ಕೆಳಗೆ ಒಂದು ಗುಂಡಿ ತೋಡಿ, ಇದ್ದಿಲು ತುಂಬಿ, ಚರ್ಮದ ತಿದಿ ಹೂಡುತ್ತಿದ್ದರು. ತಿದಿ ಒತ್ತುವ ಕೆಲಸಕ್ಕೆ ನಮ್ಮ ಹುಡುಗರಲ್ಲೇ ಜಗಳ. ಪಾತ್ರೆ ಕಾದ ಮೇಲೆ ಒಂದು ಚಿಟಿಕೆ ನವಸಾಗರ ಉದುರಿಸುತ್ತಿದ್ದರು. ಬುಸ್ ಅಂತ ಬಿಳಿ ಹೊಗೆ. ಆ ವಾಸನೆ ಮೂಗಿನ ತುದಿಗೆ ಚುಚ್ಚುತ್ತಿತ್ತು. ಆಮೇಲೆ ತವರದ ಕಡ್ಡಿಯನ್ನು ಒಳಗೆ ಹೀಗೆ ಮುಟ್ಟಿಸಿ, ಹತ್ತಿಯ ಮುದ್ದೆಯಲ್ಲಿ ಒಂದು ಸುತ್ತು ಒರೆಸಿದರೆ ಆಯ್ತು. ಹಳದಿ ಪಾತ್ರೆಯ ಹೊಟ್ಟೆ ಕಣ್ಣೆದುರೇ ಬೆಳ್ಳಿಯಾಗುತ್ತಿತ್ತು. ಕೊನೆಗೆ ತಣ್ಣೀರಲ್ಲಿ ಅದ್ದುವಾಗ ಬರುವ ಚುಂಯ್ ಸದ್ದಿಗೇ ನಾವು ಕಾಯುತ್ತಿದ್ದೆವು.

ಈಗ ಅಂಥವರು ಯಾರಾದರೂ ಮೈಸೂರಲ್ಲಿ ಉಳಿದಿದ್ದಾರಾ? ಗೊತ್ತಿದ್ದರೆ ಹೇಳಿ. ಹಾಗೇ ಸುಮ್ನೆ ಕುತೂಹಲಕ್ಕೆ ಕೇಳ್ತೀನಿ, ನಿಮ್ಮ ಮನೆ ಬಾಗಿಲಿಗೆ ಬರುತ್ತಿದ್ದವರಲ್ಲಿ ಈಗ ಯಾರು ಬರುತ್ತಿಲ್ಲ?

ಬೆಣ್ಣೆಮುರುಕು

ದೇವರಾಜ ಮಾರುಕಟ್ಟೆ ಸುತ್ತಮುತ್ತ ಹಳೇ ಪಾತ್ರೆ ಅಂಗಡಿಗಳಿವೆಯಲ್ಲ, ಅಲ್ಲಿ ವಿಚಾರಿಸಿ ನೋಡಿ. ಅವರೇ ಹಾಕದಿದ್ದರೂ ಹಾಕುವವರ ನಂಬರ್ ಅವರ ಹತ್ತಿರ ಇರುತ್ತೆ.

ಸಾಣೆಕಲ್ಲು (ಶಿವಮೊಗ್ಗ)

ಯಾರೇ ಸಿಗಲಿ, ಶುದ್ಧ ತವರ ಹಾಕ್ತಾರಾ ಅಂತ ಮೊದಲು ಕೇಳಿ ಸರ್. ಸೀಸ ಬೆರೆಸಿದ್ದು ಅಗ್ಗಕ್ಕೆ ಸಿಗುತ್ತೆ, ಆದರೆ ಅಡುಗೆ ಪಾತ್ರೆಗೆ ಅದು ಸೇರಲೇಬಾರದು. ಇನ್ನೊಂದು ಮಾತು. ಕಲಾಯಿ ಪಾತ್ರೆಯನ್ನು ಖಾಲಿ ಇಟ್ಟು ಒಲೆ ಹಚ್ಚಬೇಡಿ. ತವರ 232 ಡಿಗ್ರಿಗೇ ಕರಗುತ್ತದೆ. ಗ್ಯಾಸ್ ಒಲೆಯ ಮೇಲೆ ಒಣ ಪಾತ್ರೆಗೆ ಆ ಬಿಸಿ ಎಷ್ಟು ಹೊತ್ತು? ನನ್ನ ಹೆಂಡತಿ ಒಗ್ಗರಣೆಗೆ ಇಟ್ಟು ಫೋನ್ ಬಂತು ಅಂತ ಆಚೆ ಹೋದಳು. ವಾಪಸ್ ಬಂದಾಗ ಕಲಾಯಿಯೆಲ್ಲ ತಳದಲ್ಲಿ ಗೋಲಿಯಾಗಿ ಓಡಾಡುತ್ತಿತ್ತು.

ನಮ್ಮ ಮಲೆನಾಡಲ್ಲಿ ಮೇ ಕೊನೆಗೆ ಕೊಡೆ ರಿಪೇರಿಯವರು ಬರುತ್ತಿದ್ದರು. ಬಟ್ಟೆ ಬದಲಾಯಿಸಿ, ಕಡ್ಡಿ ಬದಲಾಯಿಸಿ, ಹಿಡಿಕೆ ಬದಲಾಯಿಸಿ, ಒಂದೇ ಕೊಡೆ ಅಂತ ನಮ್ಮಪ್ಪ 20 ವರ್ಷ ಹಿಡಿದುಕೊಂಡು ಓಡಾಡಿದರು. ಅದು ಅದೇ ಕೊಡೆ ಹೌದೋ ಅಲ್ಲವೋ ಅನ್ನೋದು ನಮ್ಮ ಮನೆಯಲ್ಲಿ ಇನ್ನೂ ಇತ್ಯರ್ಥವಾಗಿಲ್ಲ.

ಹುಬ್ಬಳ್ಳಿ ಮಂದಿ

ನಮ್ಮ ಓಣಿಯಾಗ ಸ್ಟವ್ ರಿಪೇರಿಯವರು ಬರ್ತಿದ್ರು ನೋಡ್ರಿ. ಸೀಮೆಎಣ್ಣೆಯ ಪಂಪ್ ಸ್ಟವ್. ವಾಷರ್ ಹೋಗಿದ್ದರೆ ಎಣ್ಣೆಯಲ್ಲಿ ನೆನೆಸಿದ ಚರ್ಮದ ವಾಷರ್ ಹಾಕಿ, ನಾಲ್ಕು ಸಲ ಪಂಪ್ ಹೊಡೆದು, ನೀಲಿ ಉರಿ ಬಂದ ಮೇಲೇನೇ ರೊಕ್ಕ ಇಸಕೊಳ್ಳತಿದ್ರು. ಸ್ಟವ್ ಪಿನ್ ಅನ್ನೋ ವಸ್ತು ಇವತ್ತಿನ ಹುಡುಗರಿಗೆ ತೋರಿಸಿದರೆ ಏನಂತಾರೋ ಏನೋ.

ಆದರೆ ನನಗೆ ನಿಜವಾಗಿ ನೆನಪಾಗೋದು ಟೈಪಿಂಗ್ ಕ್ಲಾಸು. ಪಿಯುಸಿ ಮುಗಿದ ರಜೆಯಲ್ಲಿ ಎಲ್ಲರನ್ನೂ ಮನೆಯವರು ಅಲ್ಲಿಗೆ ಓಡಿಸುತ್ತಿದ್ದರು. ಒಂದು ಉದ್ದನೆಯ ಕೋಣೆ, 18 ಮಶೀನು. 18 ಮಶೀನೂ ಒಮ್ಮೆಲೇ ಶುರುವಾದರೆ ತಗಡಿನ ಮೇಲೆ ಆಲಿಕಲ್ಲು ಬಿದ್ದಂತೆ. ಇಂಗ್ಲಿಷಿಗಿಂತ ಕನ್ನಡ ಟೈಪಿಂಗ್ ಕಷ್ಟ. ಕೆಲವು ಕೀ ಒತ್ತಿದರೆ ಅಕ್ಷರ ಬೀಳುತ್ತಿತ್ತು, ಕಾಗದ ಮಾತ್ರ ಜರುಗುತ್ತಿರಲಿಲ್ಲ. ಒತ್ತಕ್ಷರ ತನ್ನ ಜಾಗದಲ್ಲಿ ಕೂರಲಿ ಅಂತ ಆ ಏರ್ಪಾಟು. ಕನ್ನಡದ ಅಷ್ಟೂ ಗುಣಿತ, ಒತ್ತುಗಳನ್ನು ಅಷ್ಟು ಕಡಿಮೆ ಕೀಲಿಗಳಿಗೆ ಹೊಂದಿಸಿದವರು ಕೆ. ಅನಂತಸುಬ್ಬರಾಯರು. ಆ ಕೀಲಿಮಣೆಯ ಮುಂದೆ ಬೆವರಿದವರಿಗೇ ಅವರ ಬುದ್ಧಿವಂತಿಕೆ ಅರ್ಥವಾಗೋದು.

ನನ್ನ ಕಿರುಬೆರಳು ಈಗಲೂ ಸ್ವಲ್ಪ ಸೊಟ್ಟ. 'ಎ' ಅಕ್ಷರದ ಕೃಪೆ.

ತೇಂಗಿನಗುಂಡಿ ಅಕ್ಕ

ಅಣ್ಣ, ಟೈಪಿಂಗ್ ಕ್ಲಾಸಿಗೆ ಹೋಗಿದ್ದು ಬರೀ ಟೈಪಿಂಗ್ ಕಲಿಯೋಕೆ ಅಂತ ನಂಬಬೇಕಾ? ನಮ್ಮೂರಲ್ಲಿ ಅರ್ಧ ಲವ್ ಮ್ಯಾರೇಜ್ ಅಲ್ಲೇ ಆಗಿದ್ದು.

ಹುಬ್ಬಳ್ಳಿ ಮಂದಿ

ಅಕ್ಕಾರ, ಮನೆಯವರೂ ಈ ವೇದಿಕೆ ಓದ್ತಾರ. ಸಾಕ್ ಮಾಡ್ರಿ.

ಟಕ್ಕಟಕ

ನಾನು ತಂತಿ ಕಚೇರಿಯಲ್ಲಿ 31 ವರ್ಷ ಇದ್ದೆ. ನಿವೃತ್ತಿಯಾಗಿ ಬಹಳ ದಿನವಾಯ್ತು. ಇಂಥ ಚರ್ಚೆಗಳಲ್ಲಿ ಸಾಮಾನ್ಯವಾಗಿ ಬರೆಯೋದಿಲ್ಲ, ಇವತ್ತು ಬರೆಯೋಣ ಅನ್ನಿಸಿತು.

ತಂತಿ ಅಂದರೆ ಜನಕ್ಕೆ ಸಾವಿನ ಸುದ್ದಿ. ಹಳ್ಳಿಯಲ್ಲಿ ತಂತಿಯವನು ಸೈಕಲ್ ನಿಲ್ಲಿಸಿದರೆ, ಕಾಗದ ಬಿಚ್ಚುವ ಮೊದಲೇ ಅಳು ಶುರುವಾಗುತ್ತಿತ್ತು ಅಂತ ಎಲ್ಲರೂ ಹೇಳುತ್ತಾರೆ. ನಿಜ. ಆದರೆ ನಮ್ಮ ಕಡೆಯಿಂದ ಅದು ಹೇಗಿತ್ತು ಅಂತ ಯಾರೂ ಕೇಳಿಲ್ಲ. ಊರಿನಲ್ಲಿ ಯಾರ ಮನೆಗೆ ಏನು ಬಂದಿದೆ ಅನ್ನೋದು ಆ ಮನೆಯವರಿಗಿಂತ ಮೊದಲು ನನ್ನ ಕಿವಿಗೆ ಬೀಳುತ್ತಿತ್ತು. ಮೋರ್ಸ್ ಕಲಿತವನಿಗೆ ಅದು ಸದ್ದಾಗಿ ಕೇಳಿಸೋದಿಲ್ಲ. ಮಾತಾಗೇ ಕೇಳಿಸುತ್ತದೆ. 'ಫಾದರ್ ಎಕ್ಸ್‌ಪೈರ್ಡ್ ಸ್ಟಾರ್ಟ್ ಇಮ್ಮಿಡಿಯೇಟ್ಲಿ.' ಪದಕ್ಕೆ ಇಷ್ಟು ಅಂತ ದುಡ್ಡು, ಅದಕ್ಕೇ ಅಷ್ಟು ಗಿಡ್ಡ. ಬರೆದುಕೊಂಡು, ಅಂಟಿಸಿ, ತಂತಿಯವನ ಕೈಗೆ ಕೊಟ್ಟು ಟೀ ಕುಡಿಯೋಕೆ ಆಚೆ ಬಂದರೆ, ಆ ಮನೆಯ ಹುಡುಗನೇ ಅಂಗಡಿ ಮುಂದೆ ನಿಂತು ನಗುತ್ತಾ ಮಾತಾಡುತ್ತಿರುತ್ತಿದ್ದ. ಒಂದು ಸಲ ಹಾಗೇ ಆಯ್ತು. "ಏನ್ ಸಾರ್, ಟೀ ಹೇಳ್ಲಾ?" ಅಂತ ಕೇಳಿದ. ನಾವು ಹೇಳುವಂತಿಲ್ಲ, ಅದು ನಿಯಮ. ಅವನು ಕೊಡಿಸಿದ ಟೀ ಕುಡಿದೆ.

ಎಲ್ಲ ತಂತಿಯೂ ಅಂಥದ್ದೇ ಅಂತಲ್ಲ. ಮದುವೆ ಸೀಸನ್ನಿನಲ್ಲಿ ಶುಭಾಶಯಗಳ ರಾಶಿ. ಅದಕ್ಕೆ ಸಂಖ್ಯೆಗಳಿದ್ದವು. ಗ್ರಾಹಕರು ಪಟ್ಟಿ ನೋಡಿ ನಂಬರ್ ಹೇಳಿದರೆ ಸಾಕು, ಆ ಕಡೆಯವರು ಪೂರ್ತಿ ವಾಕ್ಯ ಬರೆದು ಕೊಡುತ್ತಿದ್ದರು. ಆಮೇಲೆ ಟೆಲಿಪ್ರಿಂಟರ್ ಬಂತು, ಆಮೇಲೆ ಕಂಪ್ಯೂಟರ್. ಮೋರ್ಸ್ ಹೋಗಿ ಎಷ್ಟೋ ವರ್ಷವಾದ ಮೇಲೂ ಪಕ್ಕದ ಮನೆಯ ಹೊಲಿಗೆ ಮಶೀನಿನ ಸದ್ದಿನಲ್ಲಿ ನನಗೆ ಅಕ್ಷರ ಕೇಳಿಸುತ್ತಿತ್ತು. ಅರ್ಥವಿಲ್ಲದ ಅಕ್ಷರ.

ನೂರಡಿ ರಸ್ತೆ (ಬೆಂಗಳೂರು)

ಸರ್, ಓದಿ ಸುಮ್ಮನೆ ಕೂತುಬಿಟ್ಟೆ. ತಂತಿ ನಿಂತಿದ್ದು 2014ರಲ್ಲಿ ಅಲ್ವಾ?

ಟಕ್ಕಟಕ

2013. ಜುಲೈ 14ರ ರಾತ್ರಿಯವರೆಗೆ ತಂತಿ ತಗೊಂಡರು, 15ರಿಂದ ಇಲ್ಲ. ಆ ದಿನ ನಾನೂ ಹೋಗಿದ್ದೆ, ಗ್ರಾಹಕನಾಗಿ. ದೊಡ್ಡ ಕ್ಯೂ. ಜನ್ಮದಲ್ಲಿ ತಂತಿ ಕಳಿಸದ ಹುಡುಗರು ತಮಗೆ ತಾವೇ ಒಂದು ಕಳಿಸಿಕೊಳ್ಳುತ್ತಿದ್ದರು. ಇಷ್ಟು ಜನ ದಿನಾ ಬಂದಿದ್ದರೆ ಮುಚ್ಚುತ್ತಲೇ ಇರಲಿಲ್ಲವಲ್ಲ ಅಂತ ಕೌಂಟರಿನಲ್ಲಿದ್ದ ಹುಡುಗಿ ನಕ್ಕಳು.

ಪಿ.ಪಿ. ನಂಬರ್

ತಂತಿ ಆದ ಮೇಲೆ ಟ್ರಂಕ್ ಕಾಲ್ ಬರಲೇಬೇಕು. ಬುಕ್ ಮಾಡಿ ಕಾಯೋದು. ಆರ್ಡಿನರಿ ಅಂದರೆ ಬೆಳಿಗ್ಗೆ ಬುಕ್ ಮಾಡಿದ್ದು ಸಂಜೆಗೆ ಸಿಕ್ಕರೆ ಪುಣ್ಯ. ಅರ್ಜೆಂಟ್ ಅಂದರೆ ಜಾಸ್ತಿ ದುಡ್ಡು. ಲೈಟ್ನಿಂಗ್ ಅಂತ ಒಂದಿತ್ತು, ಅದನ್ನ ಬುಕ್ ಮಾಡಿದವರನ್ನ ನಾನು ಕಂಡಿಲ್ಲ. ಲೈನ್ ಸಿಕ್ಕಿದ ಮೇಲೆ ಇಡೀ ವಠಾರಕ್ಕೆ ಕೇಳುವ ಹಾಗೆ ಕಿರುಚಬೇಕು. ಮೂರು ನಿಮಿಷಕ್ಕೆ ಆಪರೇಟರ್ ನಡುವೆ ಬಂದು "ತ್ರೀ ಮಿನಿಟ್ಸ್" ಅನ್ನುತ್ತಿದ್ದಳು. ಎರಡೂವರೆ ನಿಮಿಷ "ಕೇಳಿಸ್ತಾ? ಕೇಳಿಸ್ತಾ?" ಅಂತಲೇ ಮುಗಿದಿರುತ್ತಿತ್ತು.

ನನ್ನ ಅಕ್ಕನ ಲಗ್ನಪತ್ರಿಕೆಯಲ್ಲಿ ಫೋನ್ ನಂಬರ್ ಮುಂದೆ 'ಪಿ.ಪಿ.' ಅಂತ ಅಚ್ಚು ಮಾಡಿಸಿದ್ದರು. ಅಂದರೆ ಅದು ನಮ್ಮದಲ್ಲ, ಮೂರನೇ ಮನೆಯವರದು, ಮಾಡಿದರೆ ಕರೆದು ಕೊಡ್ತಾರೆ ಅಂತ. ಮಳೆಯಲ್ಲಿ ಕೊಡೆ ಹಿಡಿದು ಬಂದು ಕರೆಯೋರು ಪಾಪ. ನಾವು ಒದ್ದೆ ಕಾಲಲ್ಲಿ ಅವರ ಹಾಲ್‌ಗೆ ನುಗ್ಗೋದು. ಆ ಕಪ್ಪು ಫೋನು ಬೆಂಗಳೂರಿನ ದೂರವಾಣಿನಗರದಲ್ಲೇ ತಯಾರಾದದ್ದು. ಐಟಿಐ ಕಾರ್ಖಾನೆ, 1948ರಲ್ಲಿ ಶುರುವಾದದ್ದು. ಅದರ ರಿಸೀವರ್ ಎತ್ತಿ ಯಾರ ತಲೆಗಾದರೂ ಹೊಡೆದಿದ್ದರೆ ಆಸ್ಪತ್ರೆಗೇ ಹೋಗಬೇಕಿತ್ತು, ಅಷ್ಟು ಭಾರ.

ಹಳದಿ ಬೋರ್ಡ್

ನಾನು ಆ ಹಳದಿ ಬೋರ್ಡಿನ ಒಳಗೆ ಕೂತವನು. ಎಸ್‌ಟಿಡಿ, ಐಎಸ್‌ಡಿ, ಪಿಸಿಒ. ನನಗೆ ಪೋಲಿಯೋದಿಂದ ಒಂದು ಕಾಲು ಸರಿಯಿಲ್ಲ. ಅಂಗವಿಕಲರಿಗೆ ಬೂತ್ ಕೊಡುವಾಗ ಆದ್ಯತೆ ಇತ್ತು, ಹಾಗೆ ಸಿಕ್ಕಿತು. ಬಸ್ ಸ್ಟ್ಯಾಂಡ್ ಎದುರಿಗೆ ಆರಡಿ ಜಾಗ, ಗಾಜಿನ ಬಾಗಿಲು, ಒಳಗೆ ಒಂದು ಚಿಕ್ಕ ಫ್ಯಾನ್, ಕೆಂಪು ಅಂಕಿ ಓಡುವ ಮೀಟರ್.

ರಾತ್ರಿ ತಡವಾದ ಮೇಲೆ ಕಾಲು ದರ. ಅದಕ್ಕೇ ನನ್ನ ನಿಜವಾದ ವ್ಯಾಪಾರ ಊಟ ಆದ ಮೇಲೆ. ಬೆಂಚಿನ ಮೇಲೆ ಸಾಲಾಗಿ ಕೂತಿರೋರು. ಮಿಲಿಟರಿಯವರ ಹೆಂಡತಿಯರು, ದುಬೈಗೆ ಮಗನನ್ನ ಕಳಿಸಿದವರು, ಹಾಸ್ಟೆಲ್ ಹುಡುಗರು. ಒಳಗೆ ಮಾತಾಡುವವರು ಮೀಟರ್ ನೋಡುತ್ತಲೇ ಮಾತಾಡೋರು. ಕೈಯಲ್ಲಿರೋ ದುಡ್ಡಿಗೆ ಸರಿಯಾಗಿ "ಇಡ್ತೀನಿ" ಅನ್ನೋರು. ಒಬ್ಬ ಅಜ್ಜಿಗೆ ಮಾತ್ರ ಮೀಟರ್ ಓದೋಕೆ ಬರುತ್ತಿರಲಿಲ್ಲ. 20 ರೂಪಾಯಿ ನನ್ನ ಕೈಗೇ ಕೊಟ್ಟು, "ಆದಾಗ ಬಾಗಿಲು ತಟ್ಟಪ್ಪ" ಅನ್ನೋರು. 20 ಆದ ತಕ್ಷಣ ತಟ್ಟೋಕೆ ಆಗುತ್ತಿರಲಿಲ್ಲ ನನಗೆ. 25ಕ್ಕೋ 26ಕ್ಕೋ ತಟ್ಟುತ್ತಿದ್ದೆ.

ಮೊಬೈಲ್ ಬಂತು, ಒಳಬರುವ ಕರೆ ಫ್ರೀ ಆಯ್ತು. ಒಂದೆರಡು ವರ್ಷದಲ್ಲಿ ಬೆಂಚು ಖಾಲಿ. ಜೆರಾಕ್ಸ್ ಇಟ್ಟೆ, ರೀಚಾರ್ಜ್ ಕೂಪನ್ ಇಟ್ಟೆ. ಈಗ ಅದೇ ಆರಡಿಯಲ್ಲಿ ಮೊಬೈಲ್ ಕವರ್ ಮಾರುತ್ತಿದ್ದೇನೆ. ನನ್ನ ಅನ್ನ ಕಿತ್ತುಕೊಂಡವನಿಗೇ ಅಂಗಿ ಹೊಲಿಸಿಕೊಡೋ ಕೆಲಸ ಅಂತ ಮಗಳು ತಮಾಷೆ ಮಾಡ್ತಾಳೆ.

ಮೊಳೆ ಮನೆ (ಗದಗ)

ನಮ್ಮಪ್ಪ ಪ್ರೆಸ್ಸಿನಲ್ಲಿ ಮೊಳೆ ಜೋಡಿಸುತ್ತಿದ್ದರು. ಕಂಪೋಸಿಟರ್. ಒಂದೊಂದು ಅಕ್ಷರವೂ ಒಂದೊಂದು ಸೀಸದ ಮೊಳೆ. ಇಂಗ್ಲಿಷಿಗಾದರೆ ಮನೆಗಳು ಕಡಿಮೆ. ಕನ್ನಡಕ್ಕೆ ಗುಣಿತ ಬೇರೆ, ಒತ್ತು ಬೇರೆ, ಕೇಸಿನ ತುಂಬ ಗೂಡುಗಳು. ಅಪ್ಪ ಕಣ್ಣು ಹಸ್ತಪ್ರತಿಯ ಮೇಲಿಟ್ಟು, ಕೈಯನ್ನ ಗೂಡಿಗೆ ಹಾಕುತ್ತಿದ್ದರು. ನೋಡುತ್ತಲೇ ಇರಲಿಲ್ಲ. ಮೊಳೆಯ ಮೇಲೆ ಅಕ್ಷರ ತಿರುವುಮುರುವಾಗಿರುತ್ತೆ, ಅದನ್ನ ನಮ್ಮಪ್ಪ ನಾವು ಪೇಪರ್ ಓದಿದ ಹಾಗೆ ಸರಾಗ ಓದೋರು. ಮನೆಯಲ್ಲಿ ಕನ್ನಡಿಯಲ್ಲಿ ಕಾಣೋ ಕ್ಯಾಲೆಂಡರನ್ನೂ ಓದಿ ನಮ್ಮನ್ನ ನಗಿಸೋರು.

ನಮ್ಮೂರಿನ ಆ ಪ್ರೆಸ್ಸಿನಲ್ಲಿ ಗಣಪತಿಯ ಬ್ಲಾಕ್ ಒಂದೇ ಒಂದಿತ್ತು. ಯಾವಾಗಲೋ ಕೈಜಾರಿ ಬಿದ್ದು ಕಿವಿಯ ತುದಿ ಮುಕ್ಕಾಗಿತ್ತು. ಊರಿನ ಯಾರ ಮನೆಯ ಲಗ್ನಪತ್ರಿಕೆ ತೆಗೆದರೂ ಅದೇ ಕಿವಿ ಮುಕ್ಕಾದ ಗಣಪತಿ. ಅಮ್ಮ-ಅಪ್ಪನ ಮದುವೆಯದು, ಚಿಕ್ಕಪ್ಪಂದಿರದು, ನನ್ನದು, ಎಲ್ಲದರಲ್ಲೂ. ನನ್ನ ತಂಗಿಯ ಮದುವೆ ಹೊತ್ತಿಗೆ ಆಫ್‌ಸೆಟ್ ಬಂದಿತ್ತು. ಪತ್ರಿಕೆ ಬಣ್ಣಬಣ್ಣ. ಅಪ್ಪ ಕೈಗೆ ತಗೊಂಡು ಮೊದಲು ಗಣಪತಿಯ ಕಿವಿ ನೋಡಿದರು. ನಾನೂ ಅದನ್ನೇ ನೋಡುತ್ತಿದ್ದೆ.

ಕುಡ್ಲದ ಹಂಚು

ಮಾರಾಯ್ರೇ, ಮೊಳೆಗೂ ಹಿಂದಿನ ಕಥೆ ನಮ್ಮಲ್ಲುಂಟು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರಲ್ಲಿ ಬಂದದ್ದು ಕಲ್ಲಚ್ಚಿನಲ್ಲಿ. ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗ್ ಅದರ ಸಂಪಾದಕರು. ಕಲ್ಲಚ್ಚು ಅಂದರೆ ಯಾರಾದರೂ ಕೂತು ಕೈಯಲ್ಲೇ ಬರೆಯಬೇಕು, ಅದು ಕಲ್ಲಿಗೆ ಇಳಿದು ಅಲ್ಲಿಂದ ಕಾಗದಕ್ಕೆ. ಕೈಬರಹ ಚಂದ ಇದ್ದವರಿಗೆ ಅದೊಂದು ಉದ್ಯೋಗ. ಮೊಳೆ ಬಂದ ಮೇಲೆ ಅವರ ಕೆಲಸ ಹೋಯಿತು. ನಿಮ್ಮ ತಂದೆಯವರ ಕೆಲಸ ಆಫ್‌ಸೆಟ್ ತಿಂದಿತು. ಆಫ್‌ಸೆಟ್ ಇಟ್ಟಿದ್ದ ನನ್ನ ಭಾವ ಈಗ, "ಎಲ್ಲರೂ ವಾಟ್ಸಾಪಲ್ಲೇ ಕರೀತಾರೆ, ಪತ್ರಿಕೆ ಯಾರಿಗೆ ಬೇಕು" ಅಂತ ತಲೆಗೆ ಕೈ ಹೊತ್ತು ಕೂತಿದ್ದಾನೆ.

ರೀಲ್ ಡಬ್ಬಿ

ಟೆಂಟ್ ಟಾಕೀಸು ನೋಡಿದವರು ಇದ್ದೀರಾ ಇಲ್ಲಿ? ನೆಲ, ಬೆಂಚು, ಕುರ್ಚಿ ಅಂತ ಮೂರು ಕ್ಲಾಸು. ದೇವರ ಹಾಡು ಮೈಕಿನಲ್ಲಿ ಬಂತು ಅಂದರೆ ಟಿಕೆಟ್ ಕೊಡೋಕೆ ಶುರು ಅಂತ ಅರ್ಥ. ಅದು ಕೇಳಿದ ಮೇಲೆ ಅಡುಗೆಮನೆಯಲ್ಲಿ ಅಮ್ಮಂದಿರ ಕೈ ಓಡುತ್ತಿದ್ದ ವೇಗ ನೋಡಬೇಕಿತ್ತು.

ನಮ್ಮ ಮಾವ ಪ್ರೊಜೆಕ್ಟರ್ ಆಪರೇಟರ್. ಎರಡು ಕಾರ್ಬನ್ ಕಡ್ಡಿಗಳನ್ನ ಎದುರುಬದುರು ಹಿಡಿದು ಕಿಡಿ ಹೊತ್ತಿಸಿದರೆ ಅದೇ ಬೆಳಕು. ಉರಿದು ಉರಿದು ಕಡ್ಡಿ ಗಿಡ್ಡವಾಗುತ್ತೆ, ನಡುವಿನ ಸಂದು ಅಗಲವಾಗುತ್ತೆ. ಆಗಾಗ ತಿರುಗಿಸಿ ಹತ್ತಿರ ತರದಿದ್ದರೆ ಪರದೆ ಮಂಕು. "ಏಯ್ ಲೈಟೂ!" ಅಂತ ನೆಲದವರು ಕೂಗೋರು. 2000 ಅಡಿಯ ಒಂದು ರೀಲು 20-22 ನಿಮಿಷ ಓಡುತ್ತೆ. ರೀಲ್ ಮುಗಿಯುವ ಹೊತ್ತಿಗೆ ಪರದೆಯ ಬಲ ಮೇಲ್ಮೂಲೆಯಲ್ಲಿ ಒಂದು ಚುಕ್ಕೆ ಮಿಂಚಿ ಹೋಗುತ್ತಿತ್ತು, ನೆನಪಿದೆಯಾ? ಮೊದಲನೇ ಚುಕ್ಕೆಗೆ ಎರಡನೇ ಪ್ರೊಜೆಕ್ಟರಿನ ಮೋಟಾರ್ ಶುರು ಮಾಡಬೇಕು. ಎರಡನೇ ಚುಕ್ಕೆಗೆ ಬದಲಾಯಿಸಬೇಕು. ಮಾವನ ಜೊತೆ ಕೂತು ಕೂತು ಆ ಚುಕ್ಕೆ ನೋಡೋದು ನನಗೆ ಅಭ್ಯಾಸವಾಗಿಬಿಟ್ಟಿತು. ಆಮೇಲೆ ಯಾವ ಸಿನಿಮಾದಲ್ಲೂ ನೆಮ್ಮದಿಯಾಗಿ ಕಥೆ ನೋಡಲಿಲ್ಲ ನಾನು.

ತುಂಡಾದ ಫಿಲ್ಮ್ ಚೂರುಗಳು ನಮ್ಮ ಪಾಲು. ಸುಟ್ಟ ಬಲ್ಬಿನ ಹಿಂಭಾಗ ಒಡೆದು ಒಳಗಿನದೆಲ್ಲ ತೆಗೆದು, ನೀರು ತುಂಬಿದರೆ ಲೆನ್ಸ್. ಕಿಟಕಿ ಬಾಗಿಲು ಹಾಕಿ ಕತ್ತಲೆ ಮಾಡಿ, ಆಚೆ ಒಬ್ಬ ಕನ್ನಡಿಯಲ್ಲಿ ಬಿಸಿಲು ಹಿಡಿಯೋನು. ಫಿಲ್ಮು ತಲೆಕೆಳಗಾಗಿ ಹಿಡಿದರೆ ಗೋಡೆ ಮೇಲೆ ಹೀರೋ ನೆಟ್ಟಗೆ ನಿಲ್ಲುತ್ತಿದ್ದ. ಅಲ್ಲಾಡುತ್ತಿರಲಿಲ್ಲ ಅಷ್ಟೇ. ಐದು ಪೈಸೆ ಟಿಕೆಟ್ ಇಟ್ಟಿದ್ದೆವು. ಕನ್ನಡಿ ಹಿಡಿದವನಿಗೆ ಶೋ ಕಾಣುತ್ತಿರಲಿಲ್ಲ ಅಂತ ಅವನಿಗೇ ಎರಡು ಪೈಸೆ ಕೊಡಬೇಕಾಯ್ತು.

ನೂರಡಿ ರಸ್ತೆ

ನಮ್ಮ ಮನೆಯಲ್ಲಿ ಅಪ್ಪನ ಎಚ್‌ಎಂಟಿ ಜನತಾ ಈಗಲೂ ಓಡುತ್ತಿದೆ. ಬೆಳಿಗ್ಗೆ ಹಲ್ಲುಜ್ಜುವ ಮೊದಲು ಕೀ ಕೊಡಬೇಕು. ಜಪಾನಿನ ಸಿಟಿಜನ್ ಕಂಪನಿ ಜೊತೆ ಸೇರಿ 1961ರಲ್ಲಿ ಬೆಂಗಳೂರಿನಲ್ಲಿ ವಾಚು ಶುರುವಾಯ್ತು. ಮದುವೆಗೆ ಅಳಿಯನಿಗೆ ಎಚ್‌ಎಂಟಿ ಕೊಡದಿದ್ದರೆ ಬೀಗರ ಮುಖ ದಪ್ಪ. 2016ರಲ್ಲಿ ಮುಚ್ಚುವ ತೀರ್ಮಾನ ಬಂದಾಗ ಜಾಲಹಳ್ಳಿ ಕಡೆ ವಾಚಿಗೆ ಕ್ಯೂ ನಿಂತವರಲ್ಲಿ ನಾನೂ ಒಬ್ಬ. ಟಕ್ಕಟಕ ಸರ್ ಹೇಳಿದ ಹಾಗೆ, ಸಾಯೋ ಹೊತ್ತಿಗೆ ಬಂದ ನೆಂಟ.

ತಮಟೆ ಸದ್ದು

ಎಲ್ಲ ಓದಿದೆ. ಚೆನ್ನಾಗಿದೆ. ಆದರೆ ನನ್ನದೂ ಒಂದು ಮಾತಿದೆ, ಬೇಜಾರು ಮಾಡ್ಕೋಬೇಡಿ.

ನಮ್ಮ ತಾತ ಊರಿನಲ್ಲಿ ತಮಟೆ ಬಡಿದು ಡಂಗುರ ಸಾರುತ್ತಿದ್ದರು. "ನಾಳೆ ಕಂದಾಯ ಕಟ್ಟಬೇಕಂತೆ ಕೇಳ್ರಪ್ಪೋ" ಅಂತ. ಹೋದ ವರ್ಷ ಒಂದು ಕಾರ್ಯಕ್ರಮದಲ್ಲಿ ಯಾರೋ ಅದನ್ನ ಸ್ಟೇಜ್ ಮೇಲೆ ಮಾಡಿ ತೋರಿಸಿದರು, ಎಲ್ಲರೂ "ಆಹಾ ಆ ಕಾಲ" ಅಂದರು. ಆ ಕಾಲದಲ್ಲಿ ತಾತ ಮೇಲ್ಗೇರಿಯಲ್ಲಿ ಚಪ್ಪಲಿ ಹಾಕುವಂತಿರಲಿಲ್ಲ. ಡಂಗುರ ಒಂದೇ ಅಲ್ಲ. ಸತ್ತ ದನ ಎಳೆಯೋದು, ಸಾವಿನ ಸುದ್ದಿ ಹೊತ್ತು ರಾತ್ರಿಯಲ್ಲಿ ನಾಲ್ಕು ಊರು ನಡೆಯೋದು, ಎಲ್ಲಾ ಅದರಲ್ಲೇ ಬರುತ್ತಿತ್ತು. ಕೂಲಿ ಅಂತ ಕಣದಲ್ಲಿ ಉಳಿದ ಕಾಳು. ಬೇಡ ಅನ್ನುವಂತಿರಲಿಲ್ಲ, ಯಾಕಂದರೆ ಅದು ಹುಟ್ಟಿನಿಂದ ಬಂದದ್ದು. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆಯಿಂದ ಶಾನುಭೋಗರ, ಪಟೇಲರ ಜೊತೆಗೆ ಇವೂ ಕಾಗದದ ಮೇಲೆ ಹೋದವು. ನಮ್ಮೂರಲ್ಲಿ ನಿಜವಾಗಿ ಹೋಗೋಕೆ ಇನ್ನೂ 20 ವರ್ಷ ಬೇಕಾಯ್ತು.

ತಲೆ ಮೇಲೆ ಮಲ ಹೊರೋದೂ ಒಂದು 'ಕೆಲಸ'ವಾಗಿತ್ತು ಈ ರಾಜ್ಯದಲ್ಲಿ. ಅರಸು ಸರ್ಕಾರದಲ್ಲಿ ಬಿ. ಬಸವಲಿಂಗಪ್ಪನವರು ಅದನ್ನ ನಿಷೇಧಿಸಿದಾಗ ಎಷ್ಟು ಜನಕ್ಕೆ ಸಿಟ್ಟು ಬಂದಿತ್ತು ಅಂತ ನಮ್ಮಪ್ಪ ಹೇಳ್ತಿದ್ದರು. ಮಾಯವಾಗಿದ್ದೆಲ್ಲ ಮುತ್ತಲ್ಲ ಸ್ವಾಮಿ.

ತಾತನ ತಮಟೆ ನಮ್ಮ ಮನೆಯಲ್ಲೇ ಇದೆ. ನನ್ನ ಮಗ ಕಾಲೇಜಿನ ತಂಡದಲ್ಲಿ ಬಾರಿಸ್ತಾನೆ. ಬೇಕು ಅಂದಾಗ ಬಾರಿಸ್ತಾನೆ, ಬೇಡ ಅಂದಾಗ ಇಟ್ಟುಬಿಡ್ತಾನೆ.

ತೇಂಗಿನಗುಂಡಿ ಅಕ್ಕ

ತಮಟೆ ಸದ್ದು ಅವರ ಮಾತಿಗೆ ನನ್ನದೂ ಕೈ. ನನಗೆ ಬೀಸೋಕಲ್ಲಿನ ಬಗ್ಗೆ ಹೇಳಬೇಕಿತ್ತು. ಅಮ್ಮ ಬೆಳಿಗ್ಗೆ ನಾಲ್ಕಕ್ಕೆ ಎದ್ದು ಬೀಸೋರು. ಬಸುರಿಯಿದ್ದಾಗಲೂ. ಜಾನಪದ ಅಂತ ಒಬ್ಬ ಮೇಷ್ಟ್ರು ಬಂದು ಅಮ್ಮನ ಹಾಡು ಟೇಪ್ ಮಾಡಿಕೊಂಡು, "ಗಿರಣಿ ಬಂದು ಇವೆಲ್ಲ ಹೋಯ್ತಲ್ಲ" ಅಂತ ಮರುಗಿದರು. ಅಮ್ಮ ಅಂಗೈ ತೋರಿಸಿ ಕೇಳಿದ್ದು ಇಷ್ಟೇ: "ಹಾಡು ಬೇಕಾದ್ರೆ ಕೂತು ಹಾಡ್ತೀನಿ, ಅದಕ್ಕೆ ಕಲ್ಯಾಕೆ?"

ಅಟ್ಟದ ಗಂಟು

ತಮಟೆ ಸದ್ದು ಅವರೇ, ಬೇಜಾರೇನೂ ಇಲ್ಲ, ಹೇಳಿದ್ದು ಒಳ್ಳೇದಾಯ್ತು. ನಾನು ಕೇಳಿದ ಪ್ರಶ್ನೆಯೇ 'ಮನೆ ಬಾಗಿಲಿಗೆ ಬರುತ್ತಿದ್ದವರು' ಅಂತ. ಬಾಗಿಲ ಒಳಗೆ ನಿಂತವನ ಪ್ರಶ್ನೆ ಅದು ಅಂತ ಈಗ ಅನ್ನಿಸ್ತಿದೆ.

ಅದೇ ಯೋಚನೆಯಲ್ಲಿ ಆ ಕಲಾಯಿ ಸಾಬರ ಹೆಸರು ನೆನಪು ಮಾಡಿಕೊಳ್ಳೋಕೆ ನೋಡಿದೆ. ಬರಲಿಲ್ಲ. ಅಮ್ಮನನ್ನ ಕೇಳಿದೆ. ಅವರಿಗೂ ಗೊತ್ತಿಲ್ಲ. ಇಪ್ಪತ್ತು ವರ್ಷ ಬಂದಿದ್ದಾರೆ ಆ ಮನುಷ್ಯ.

ಬಿದಿರು ಬಳೆ (ಹಾಸನ)

ನಮ್ಮಪ್ಪ ಸಣ್ಣ ರೈಲ್ವೆ ಸ್ಟೇಷನ್ನಿನಲ್ಲಿ ಪಾಯಿಂಟ್ಸ್‌ಮನ್. ಒಂದೇ ಹಳಿಯ ದಾರಿ. ಒಂದು ಸ್ಟೇಷನ್ನಿಂದ ಇನ್ನೊಂದಕ್ಕೆ ಹೋಗೋಕೆ ಡ್ರೈವರ್ ಕೈಯಲ್ಲಿ ಒಂದು ಕಬ್ಬಿಣದ ಚೆಂಡು ಇರಲೇಬೇಕು. ಟೋಕನ್. ಅದಿಲ್ಲದೆ ಗಾಡಿ ಹೊರಡುವಂತಿಲ್ಲ. ಒಂದು ಚೆಂಡು ಆಚೆ ಬಂದಿದ್ದರೆ, ಅದು ವಾಪಸ್ ಮಶೀನಿಗೆ ಬೀಳುವ ತನಕ ಎರಡು ಕಡೆಯ ಮಶೀನೂ ಇನ್ನೊಂದನ್ನ ಬಿಡೋದಿಲ್ಲ. ಹಾಗಾಗಿ ಎದುರಿಂದ ಇನ್ನೊಂದು ಗಾಡಿ ಬರೋ ಮಾತೇ ಇಲ್ಲ.

ನಿಲ್ಲದ ಗಾಡಿಗೆ ಆ ಚೆಂಡನ್ನ ದೊಡ್ಡ ಬೆತ್ತದ ಬಳೆಗೆ ಕಟ್ಟಿ, ಅಪ್ಪ ಪ್ಲಾಟ್‌ಫಾರಂ ಅಂಚಿನಲ್ಲಿ ಎತ್ತಿ ಹಿಡಿಯೋರು. ಎಂಜಿನ್ನಿನಿಂದ ಬಗ್ಗಿದವನು ತೋಳು ತೂರಿಸಿ ಎಳಕೊಂಡು ಹೋಗ್ತಿದ್ದ. ಹಳೇ ಬಳೆಯನ್ನ ಎಸೆದು ಹೋಗ್ತಿದ್ದ, ಅದನ್ನ ಪೊದೆಯಲ್ಲಿ ಹುಡುಕಿ ತರೋದು ನಾವು ಮಕ್ಕಳು. ಮಳೆಗಾಲದ ರಾತ್ರಿ, ಒಂದು ಕೈಯಲ್ಲಿ ಲಾಂದ್ರ, ಇನ್ನೊಂದರಲ್ಲಿ ಬಳೆ. ಅಪ್ಪನ ಬಲ ಮೊಣಕೈ ಮೇಲೆ ಯಾವಾಗಲೂ ಒಂದು ಕಪ್ಪು ಕಂದು ಇರ್ತಿತ್ತು. ಈಗ ಎಲ್ಲ ಸಿಗ್ನಲ್ಲೇ ನೋಡ್ಕೊಳ್ಳುತ್ತೆ. ಒಳ್ಳೇದೇ ಆಯ್ತು ಬಿಡಿ.

ಬೆಣ್ಣೆಮುರುಕು

ಕಂಡಕ್ಟರ್ ಟಿಕೆಟ್ ಹಿಂದೆ ಚಿಲ್ಲರೆ ಬಾಕಿ ಬರೆದು ಸುತ್ತು ಹಾಕಿ ಕೊಡ್ತಿದ್ದದ್ದು ಯಾರೂ ಹೇಳಲೇ ಇಲ್ಲವಲ್ಲ! ಇಳಿಯೋ ಗಡಿಬಿಡಿಯಲ್ಲಿ ಮರೆತು ಹೋಗೋದು. ನನಗೆ ಈ ರಾಜ್ಯದ ಬಸ್ಸುಗಳಿಂದ ಒಟ್ಟು 100 ರೂಪಾಯಿ ಮೇಲೆ ಬರಬೇಕು.

ಅದಿರಲಿ, ಕಲಾಯಿ ಏನಾಯ್ತು?

ಅಟ್ಟದ ಗಂಟು

ಆಯ್ತು! ಇವತ್ತೇ ಆಯ್ತು.

ಪಾತ್ರೆ ಅಂಗಡಿಯವರು ಒಬ್ಬರ ನಂಬರ್ ಕೊಟ್ಟರು. ಮೂರು ಸಲ ಮಾಡಿದ ಮೇಲೆ ಎತ್ತಿದರು. ಮೂವತ್ತೈದು ವರ್ಷದ ಹುಡುಗ, ಸ್ಕೂಟರಿನಲ್ಲಿ ಬಂದ. ತಿದಿ ಇಲ್ಲ, ಗುಂಡಿ ಇಲ್ಲ. ಗ್ಯಾಸ್ ಸಿಲಿಂಡರ್, ಅದಕ್ಕೊಂದು ಬರ್ನರ್. ನನಗೆ ಸ್ವಲ್ಪ ನಿರಾಸೆಯೇ ಆಯ್ತು. ನನ್ನ ಮಗಳಿಗೆ ತಿದಿ ಒತ್ತಿಸಬೇಕು ಅಂತ ಆಸೆ ಇಟ್ಟುಕೊಂಡಿದ್ದೆ. "ಇದ್ದಿಲ ಮುಂದೆ ಕೂತು ನಮ್ಮ ಅಬ್ಬಾಗೆ ಎದೆ ಹಾಳಾಯ್ತು ಸರ್, ಇದೇ ವಾಸಿ" ಅಂದ. ಸುಮ್ಮನಾದೆ.

ನವಸಾಗರ ಮಾತ್ರ ಅದೇ. ಬುಸ್ ಅಂತ ಹೊಗೆ ಎದ್ದಾಗ ಮಗಳು ಮೂಗು ಮುಚ್ಚಿಕೊಂಡು ಓಡಿದಳು. ಅಮ್ಮ ವಿಡಿಯೋ ಕಾಲಿನಲ್ಲಿ ನೋಡುತ್ತಾ, "ತಳಕ್ಕೆ ಇನ್ನೊಂದು ಸಲ ಒರೆಸಪ್ಪ, ಮೂಲೆ ಬಿಟ್ಟಿದೆ" ಅಂತ ಅಲ್ಲಿಂದಲೇ ಯಜಮಾನಿಕೆ ಮಾಡಿದರು. ಮೂರು ಪಾತ್ರೆಗೆ 1400 ರೂಪಾಯಿ. ಚೌಕಾಸಿ ಮಾಡಲಿಲ್ಲ. ಸಾಣೆಕಲ್ಲು ಸರ್ ಹೇಳಿದ ಹಾಗೆ ಶುದ್ಧ ತವರನಾ ಅಂತ ಕೇಳಿದೆ, ಶುದ್ಧ ತವರವೇ ಅಂದ, ಕಡ್ಡಿ ತೋರಿಸಿದ.

ವಾರದಲ್ಲಿ ನಾಲ್ಕು ದಿನ ಹೋಟೆಲ್ ಮತ್ತು ಕೇಟರಿಂಗ್‌ನವರ ಕೆಲಸವೇ ಇರುತ್ತಂತೆ. ಹಿತ್ತಾಳೆ ಪಾತ್ರೆಯ ಬಿರಿಯಾನಿ, ಹಿತ್ತಾಳೆ ಫಿಲ್ಟರಿನ ಕಾಫಿ ಅಂತ ಈಗ ಬೇಡಿಕೆ. ಮನೆಗೆ ಬರೋಕೆ ಪುರುಸೊತ್ತಿಲ್ಲ, ನೀವು ಮೂರು ಸಲ ಫೋನ್ ಮಾಡಿದ್ದಕ್ಕೆ ಬಂದೆ ಅಂದ.

ಹೊರಡುವಾಗ ಹೆಸರು ಕೇಳಿ ಬರೆದುಕೊಂಡೆ. ಇಲ್ಲಿ ಹಾಕೋದಿಲ್ಲ, ಬೇಕಾದವರು ಖಾಸಗಿಯಾಗಿ ಕೇಳಿ.

ಸಾಣೆಕಲ್ಲು

ಒಳ್ಳೇದಾಯ್ತು ಸರ್. ಮೊದಲನೇ ದಿನ ಅದರಲ್ಲಿ ಅಕ್ಕಿ ತೊಳೆದ ನೀರು ಕುದಿಸಿ ಚೆಲ್ಲಿ, ಆಮೇಲೆ ಅಡುಗೆ ಮಾಡಿ. ನಮ್ಮ ಮನೆ ಪದ್ಧತಿ.

ಅಟ್ಟದ ಗಂಟು

ತಡವಾಯ್ತು. ಹುಳಿ ಆಗಲೇ ಕುದೀತಾ ಇದೆ.